ಅಡಿಕೆ ಮರವನ್ನೇ ನೆಲ ಅಂದುಕೊಂಡಿದ್ದ ನನ್ನ ನಕ್ಷೆ

ನಮ್ಮೂರು ತೀರ್ಥಹಳ್ಳಿಗೂ ಮಂಡಗದ್ದೆಗೂ ನಡುವೆ, ತುಂಗೆಯ ದಡದಲ್ಲಿದೆ. ಊರಿನ ನೆರೆ ನಕ್ಷೆ ಮಾಡೋಣ ಅಂತ ಹೊರಟವನು ಮೊದಲು ಲ್ಯಾಪ್‌ಟಾಪ್ ಮುಂದೆ ಕೂತೆ. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಪುಕ್ಕಟೆ, ನೆಲದ ಎತ್ತರ ಹೇಳುವ ಎಸ್‌ಆರ್‌ಟಿಎಂ ಮಾಹಿತಿಯೂ ಪುಕ್ಕಟೆ. ಎರಡೇ ಸಂಜೆಯಲ್ಲಿ ನಕ್ಷೆ ಸಿದ್ಧ. ನೋಡೋಕೂ ಚೆನ್ನಾಗಿತ್ತು.

ಪ್ರಿಂಟ್ ಹಿಡಿದು ಹೊಳೆಬದಿಯ ಮನೆಗೆ ಹೋದೆ. ಅಲ್ಲಿನ ಅಜ್ಜಿ ಅದರ ಕಡೆ ತಿರುಗಿಯೂ ನೋಡದೆ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಪಂಪ್‌ಹೌಸ್ ಗೋಡೆಯಲ್ಲಿ, ನನ್ನ ಭುಜದ ಮಟ್ಟಕ್ಕೆ, ಮೊಳೆಯಿಂದ ಗೀರಿದ ಗೆರೆ. 2019ರ ಆಗಸ್ಟಿನ ನೀರು ನಿಂತ ಜಾಗ. ನನ್ನ ನಕ್ಷೆಯಲ್ಲಿ ಆ ತೋಟಕ್ಕೆ ಹನಿ ನೀರೂ ಬಂದಿರಲಿಲ್ಲ!

ಎಸ್‌ಆರ್‌ಟಿಎಂ ಅಂದರೆ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಯಿಸಿ ಅಳೆದದ್ದು. ದಟ್ಟ ತೋಟವಿದ್ದಲ್ಲಿ ಅದು ಪೂರ್ತಿ ನೆಲ ಮುಟ್ಟುವುದಿಲ್ಲ, ಅಡಿಕೆ ಸೋಗೆಗೇ ತಟ್ಟಿ ವಾಪಸ್. ಹೊಳೆಗೆ ತಾಗಿಕೊಂಡ ತೋಟ ನಕ್ಷೆಯಲ್ಲಿ ದಿಬ್ಬವಾಗಿತ್ತು.

ಆಮೇಲೆ ಗಾರೆಯವರು ಮಟ್ಟ ನೋಡುವ, ನೀರು ತುಂಬಿದ ಟ್ಯೂಬು ಹಿಡಿದೆವು. ಒಂದು ತುದಿ ಅಜ್ಜಿಯ ಗೆರೆಗೆ, ಇನ್ನೊಂದು ಪಕ್ಕದ ಮನೆಯ ಗೋಡೆಗೆ. ನೀರು ಎಲ್ಲಿ ನಿಂತಿತೋ ಅಲ್ಲಿ ಸೀಮೆಸುಣ್ಣದ ಗುರುತು. ಹೊಳೆಗೂ ಇಳಿಜಾರು ಇರುತ್ತೆ ಅಲ್ವಾ, ದೂರ ಹೋದಂತೆ ಇದು ತಪ್ಪುತ್ತದೆ. ಅಲ್ಲಿ ಬೇರೆ ಗೆರೆ ಹುಡುಕಬೇಕು. ದೇವಸ್ಥಾನದ ಮೆಟ್ಟಿಲು, ಹಳೇ ಕೊಟ್ಟಿಗೆಯ ಕಂಬ, ಹೀಗೆ ಹನ್ನೊಂದು ಸಿಕ್ಕವು.

ಧರೆಯದ್ದು, ಅಂದರೆ ಗುಡ್ಡ ಕಡಿದಲ್ಲಿ ನಿಲ್ಲುವ ಮಣ್ಣಿನ ಗೋಡೆಯದ್ದು, ಇನ್ನೊಂದು ಕಥೆ. ಎಸ್‌ಆರ್‌ಟಿಎಂ ಮಾಹಿತಿಯಲ್ಲಿ ಒಂದು ಚೌಕ ಅಂದರೆ ಸುಮಾರು 30 ಮೀಟರ್. ಮನೆ ಹಿಂದೆ ಜೆಸಿಬಿ ಕಡಿದ ಹದಿನೈದು ಅಡಿ ಧರೆ ಅದರಲ್ಲಿ ಕಾಣೋದೇ ಇಲ್ಲ. ನನ್ನ ಪ್ರಕಾರ ನಮ್ಮಲ್ಲಿ ಹೊಳೆಗಿಂತ ಧರೆ ಕುಸಿಯುವ ಭಯವೇ ಜಾಸ್ತಿ ಇರಬೇಕು. ಆಶ್ಲೇಷ ಮಳೆಯಲ್ಲಿ ಛತ್ರಿ ಹಿಡಿದು ಮನೆಮನೆ ಸುತ್ತಿದೆ. ಧರೆಯ ನೆತ್ತಿಯಲ್ಲಿ ಬಿರುಕಿದೆಯಾ, ಮರ ವಾಲಿದೆಯಾ, ಬುಡದಲ್ಲಿ ಜಲ ಒಡೆದು ಕೆಂಪು ನೀರು ಬರ್ತಿದೆಯಾ. ಒಂದು ಕಡೆ ಬಿರುಕಿನೊಳಗೆ ನನ್ನ ಛತ್ರಿ ಹಿಡಿಕೆಯವರೆಗೂ ಇಳಿಯಿತು. ಆ ಮನೆಯವರು ಅವತ್ತೇ ನೆಂಟರ ಮನೆಗೆ ಹೋದರು.

ಹಳ್ಳ ದಾಟುವ ಕಾಲುಸಂಕದಾಚೆಯ ಮೂರು ಮನೆಗಳಿಗೆ ನೆರೆಯೂ ಇಲ್ಲ, ಧರೆಯೂ ಇಲ್ಲ. ಸಂಕ ಹೋದರೆ ಮಾತ್ರ ಆಸ್ಪತ್ರೆಗೆ ದಾರಿಯಿಲ್ಲ. ಅವಕ್ಕೆ ಬೇರೆ ಬಣ್ಣ ಕೊಟ್ಟೆ.

ನಕ್ಷೆಯ ಅಂಚಿನಲ್ಲಿ, ಹೊಳೆಯ ಮೇಲ್ಗಡೆ ಇರುವ ತೀರ್ಥಹಳ್ಳಿಯ ಇಬ್ಬರ ಫೋನ್ ನಂಬರ್ ಬರೆದಿದ್ದೇವೆ. ಮಳೆ ಜೋರಾದರೆ ಕೇಳೋದು ಒಂದೇ: ಅಲ್ಲಿ ಹೊಳೆಯಲ್ಲಿರುವ ರಾಮ ಮಂಟಪ ಮುಳುಗಿತಾ? ಶಿವಮೊಗ್ಗದವರು ತುಂಗೆ ಎಷ್ಟು ಏರಿದೆ ಅಂತ ಕೋರ್ಪಲಯ್ಯನ ಛತ್ರದ ಮಂಟಪ ನೋಡುತ್ತಾರಲ್ಲ, ಹಾಗೆ.

ಈಗ ನಕ್ಷೆ ಹಾಲಿನ ಡೈರಿಯ ಗೋಡೆ ಮೇಲಿದೆ. ಆಗಲೇ ಇಬ್ಬರು ಪೆನ್ಸಿಲಿನಲ್ಲಿ ತಿದ್ದಿದ್ದಾರೆ. ಒಬ್ಬರ ಕೊಟ್ಟಿಗೆ ಬಿಟ್ಟುಹೋಗಿತ್ತಂತೆ.