ನಾಲ್ಕನೆಯ ನಾಳ: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದ ಆಸುಪಾಸಿನ ಅಡಿಕೆ ಕೃಷಿಕರೊಬ್ಬರ ಮೇಲ್ದವಡೆಯ ಮೊದಲ ದವಡೆಹಲ್ಲಿಗೆ ನಾನು ರೂಟ್ ಕೆನಾಲ್ ಚಿಕಿತ್ಸೆಯನ್ನು ಎರಡು ಸಲ ಮಾಡಬೇಕಾಯಿತು. ಮೊದಲ ಸಲ ಮೂರು ಬೇರು, ಅವುಗಳೊಳಗೆ ನರ ಹಾಯುವ ಮೂರು ನಾಳ ಎಂದು ಲೆಕ್ಕ ಹಾಕಿ, ಮೂರನ್ನೂ ಶುಚಿಗೊಳಿಸಿ, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ, ಎಕ್ಸ್‌ರೇ ನೋಡಿ ಸಮಾಧಾನಪಟ್ಟುಕೊಂಡಿದ್ದೆ. ಮೂರು ವಾರ ಕಳೆದು ಅವರು ಮರಳಿ ಬಂದು, "ಬೆಶಿ ಚಾಯ ಕುಡುದರೆ ಈಗಳೂ ಬೇನೆ ಆವುತ್ತು ಡಾಕ್ಟ್ರೇ" ಎಂದರು. ನರ ತೆಗೆದ ಹಲ್ಲಿಗೆ ಬಿಸಿಯ ಅರಿವೇ ಆಗಬಾರದು. ಅಕ್ಕಪಕ್ಕದ ಹಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿ, ನೋವು ಅವುಗಳದ್ದಲ್ಲವೆಂದು ಖಚಿತವಾದ ಮೇಲೆ ಉಳಿದದ್ದು ಒಂದೇ ಊಹೆ: ನಾನು ಒಂದು ನಾಳವನ್ನು ಬಿಟ್ಟಿದ್ದೇನೆ, ಅದರೊಳಗೆ ಇನ್ನೂ ಜೀವವಿದೆ.

ಎಕ್ಸ್‌ರೇ ಟ್ಯೂಬನ್ನು ಸುಮಾರು 20 ಡಿಗ್ರಿ ಓರೆಯಾಗಿಸಿ ಇನ್ನೊಂದು ಚಿತ್ರ ತೆಗೆದಾಗ, ಕೆನ್ನೆಬದಿಯ ಮುಂದಿನ ಬೇರಿನಲ್ಲಿ ನಾನು ತುಂಬಿದ್ದ ಬಿಳಿಗೆರೆ ಬೇರಿನ ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿತ್ತು. ಒಂದೇ ನಾಳವಿದ್ದರೆ ಅದು ನಡುವೆ ಇರಬೇಕು. ಸರಿದಿದ್ದರೆ ಜೊತೆಗೊಂದು ಇದೆಯೆಂದು ಅನುಮಾನಿಸಬೇಕು. ಈ ಬೇರು ಕೆನ್ನೆಯಿಂದ ಅಂಗುಳದ ಕಡೆಗೆ ಅಗಲವಾಗಿ, ಮುಂದಿನಿಂದ ಹಿಂದಕ್ಕೆ ಚಪ್ಪಟೆಯಾಗಿ ಇರುವುದರಿಂದ, ನೇರ ಚಿತ್ರದಲ್ಲಿ ಎರಡು ನಾಳಗಳು ಒಂದರ ಹಿಂದೊಂದು ನಿಂತು ಒಂದೇ ಆಗಿ ತೋರುತ್ತವೆ. ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಎಂಬಿ2 ಎಂಬ ಈ ಎರಡನೆಯ ನಾಳ ಇರುತ್ತದೆಂದು ನಾನು ಓದಿರಲಿಲ್ಲವೆಂದೇನಲ್ಲ; ಕೈ ಮಾತ್ರ ಮೂರಕ್ಕೇ ನಿಂತಿತ್ತು.

ಎರಡನೆಯ ಸಲ ಹಲ್ಲಿಗೆ ಉಗುಳು ತಾಗದಂತೆ ತಡೆಯುವ ರಬ್ಬರ್ ಡ್ಯಾಮ್ ಹಾಳೆ ಹಾಕಿ, ಹಲ್ಲಿನ ನೆತ್ತಿಯಲ್ಲಿ ಕೊರೆದಿದ್ದ ತ್ರಿಕೋನಾಕಾರದ ಕಿಂಡಿಯನ್ನು ಮುಂಬದಿಗೆ ಹಿಗ್ಗಿಸಿ ಚತುಷ್ಕೋನವಾಗಿಸಿದೆ. ನಮ್ಮ ಕಡೆ ಎಲೆಯಡಿಕೆ ಜಗಿದು ಹಲ್ಲು ಸವೆದವರು ಬಹಳ. ಸವೆದಷ್ಟೂ ಹಲ್ಲಿನೊಳಗಿನ ಜೀವಂತ ಮಜ್ಜೆಯು ಒಳಗಿನಿಂದ ಡೆಂಟಿನ್ ಎಂಬ ಗಟ್ಟಿ ಪದರ ಕಟ್ಟಿಕೊಳ್ಳುವುದರಿಂದ ಮಜ್ಜೆಯ ಕೋಣೆ ಕುಗ್ಗಿ, ನಾಳದ ಬಾಯಿ ಮರೆಯಾಗಿರುತ್ತದೆ. ದಂತವೈದ್ಯರಾದ ಕ್ರಾಸ್ನರ್ ಮತ್ತು ರಾಂಕೋವ್ 2004ರಲ್ಲಿ 500 ಹಲ್ಲುಗಳನ್ನು ನೋಡಿ ಬರೆದ ನಿಯಮಗಳು ಇಲ್ಲಿ ಕೈಹಿಡಿದವು: ಕೋಣೆಯ ನೆಲದ ಬಣ್ಣ ಗೋಡೆಗಿಂತ ಗಾಢ, ನಾಳದ ಬಾಯಿ ಇರುವುದು ನೆಲವೂ ಗೋಡೆಯೂ ಕೂಡುವ ಅಂಚಿನಲ್ಲಿ. ಮೊದಲ ನಾಳದಿಂದ ಅಂಗುಳದ ಕಡೆಗೆ ಹೊರಟ ಕಪ್ಪುಗೆರೆ ಸುಮಾರು ಎರಡು ಮಿಲಿಮೀಟರ್ ಹೋಗಿ ಬಿಳಿ ಡೆಂಟಿನ್ನಿನ ಜಗಲಿಯೊಂದರ ಅಡಿಯಲ್ಲಿ ಮಾಯವಾಗಿತ್ತು. ಸೂಕ್ಷ್ಮವಾಗಿ ಕಂಪಿಸುವ ಅಲ್ಟ್ರಾಸಾನಿಕ್ ತುದಿಯಿಂದ ಜಗಲಿಯನ್ನು ಸ್ವಲ್ಪಸ್ವಲ್ಪವೇ ಕೆರೆದು, ಅಂಗಾಂಶ ಕರಗಿಸುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತುಂಬಿ, ದೊಡ್ಡದಾಗಿ ತೋರಿಸುವ ಲೂಪ್ ಕನ್ನಡಕದೊಳಗಿಂದ ನೋಡುತ್ತ ಕುಳಿತೆ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೇ ಜಾಗದಿಂದ ಒಂದರ ಹಿಂದೊಂದು ಏಳತೊಡಗಿದವು. ಒಳಗಿನ ಅಂಗಾಂಶ ಕರಗುತ್ತಿರುವ ಗುರುತು ಅದು. ತುದಿಯಲ್ಲಿ ಕೇವಲ 0.08 ಮಿಲಿಮೀಟರ್ ದಪ್ಪವಿರುವ 8ನೇ ನಂಬರಿನ ಫೈಲ್ (ನಾಳ ಉಜ್ಜುವ ಸೂಜಿಯಂಥ ಉಪಕರಣ) ಅಲ್ಲಿ ಸಿಕ್ಕಿಕೊಂಡಿತು; ಕೈಗಡಿಯಾರಕ್ಕೆ ಕೀಲಿ ಕೊಡುವಂತೆ ಆಚೀಚೆ ತಿರುಗಿಸಿದಾಗ ಇಳಿಯಿತು. ಹೊರತೆಗೆದಾಗ ತುದಿ ಕೆಂಪಾಗಿತ್ತು.

ಆ ನಾಳ ಬೇರಿನ ತುದಿಯವರೆಗೂ ಬೇರೆಯಾಗಿಯೇ ಹೋಗಿತ್ತು. ದಂತ ಸಂಶೋಧಕ ವರ್ಟುಚಿ 1984ರಲ್ಲಿ ಗುರುತಿಸಿದ ನಾಳವಿನ್ಯಾಸದ ಎಂಟು ಬಗೆಗಳಲ್ಲಿ ಅದು ನಾಲ್ಕನೆಯದು. ತುದಿಯಲ್ಲಿ ಎರಡೂ ಒಂದಾಗುವ ಎರಡನೆಯ ಬಗೆಯಾಗಿದ್ದರೆ ನನ್ನ ತಪ್ಪು ಬಹುಶಃ ಅಷ್ಟು ಬೇಗ ಬಯಲಾಗುತ್ತಿರಲಿಲ್ಲ.

ಕೆಳದವಡೆಯ ಮೊದಲ ದವಡೆಹಲ್ಲಿನಲ್ಲಿ ನಾಳವಷ್ಟೇ ಅಲ್ಲ, ಹಿಂಬದಿಯಲ್ಲಿ ನಾಲಗೆಯ ಕಡೆಗೆ ಮೂರನೆಯ ಬೇರೇ ಇರಬಹುದು. ಪೂರ್ವ ಏಷ್ಯಾದವರಲ್ಲಿ ಇದು ಹೆಚ್ಚು, ನಮ್ಮಲ್ಲಿ ಕಡಿಮೆ. ಕುಂಬಳೆಯಿಂದ ಬಂದ ಯುವತಿಯೊಬ್ಬರ ಓರೆ ಚಿತ್ರದಲ್ಲಿ ಹಿಂದಿನ ಬೇರಿನ ಅಂಚುಗೆರೆ ಜೋಡಿಯಾಗಿ ಕಂಡದ್ದರಿಂದ ಮೊದಲೇ ಎಚ್ಚರಗೊಂಡೆ. ಈ ಬೇರು ಬಹಳ ಸಲ ಕೆನ್ನೆಯ ಕಡೆಗೆ ಬಾಗಿರುತ್ತದೆ, ಆ ಬಾಗು ಎಕ್ಸ್‌ರೇಯಲ್ಲಿ ಕಾಣದು. ಫೈಲನ್ನು ಮೊದಲೇ ಬಗ್ಗಿಸಿ ಇಳಿಸದಿದ್ದರೆ ನಾಳದ ಗೋಡೆಯಲ್ಲಿ ಮೆಟ್ಟಿಲು ಬೀಳುತ್ತದೆ.

ನೆಲವನ್ನು ಕೆರೆಯುತ್ತಲೇ ಹೋದರೆ ಬೇರುಗಳ ಕವಲಿನಲ್ಲಿ ತೂತು ಬಿದ್ದು ಹಲ್ಲೇ ಕೈತಪ್ಪಬಹುದು. ಆದ್ದರಿಂದ ಎರಡು ಮಿಲಿಮೀಟರ್ ಇಳಿದರೂ ಸಿಗದಿದ್ದರೆ ತಾತ್ಕಾಲಿಕ ಸಿಮೆಂಟ್ ಹಾಕಿ, ಮಂಗಳೂರಿನಲ್ಲಿ ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್ ಮಾಡಿಸಿಕೊಂಡು ಬರಲು ಹೇಳುತ್ತೇನೆ. ಒಂದು ಹಲ್ಲಿಗಾಗಿ ತಲಪಾಡಿಯ ರಾಜ್ಯಗಡಿ ದಾಟಬೇಕೇ ಎಂದು ಕೇಳುವವರಿಗೆ ನೇರ ಚಿತ್ರವನ್ನೂ ಓರೆ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಹೋಗಲಾಗದವರೂ ಇದ್ದಾರೆ. ನೋವು ಮರಳಿದರೆ ಮುಂದಿನ ವೈದ್ಯರಿಗೆ ತಿಳಿಯಲೆಂದು, ಅಂಥವರ ಕೇಸ್ ಶೀಟಿನಲ್ಲಿ 'ಮೂರು ನಾಳ' ಎಂದಷ್ಟೇ ಬರೆಯುವುದನ್ನು ಬಿಟ್ಟು, 'ಮೂರು ತುಂಬಿದೆ, ನಾಲ್ಕನೆಯದನ್ನು ಹುಡುಕಿದೆ, ಸಿಗಲಿಲ್ಲ' ಎಂದು ಬರೆಯುತ್ತೇನೆ.