ಗಮಕ ಬಿಟ್ಟೆ, ಲಯ ಹಿಡಿದೆ

ಪಿಯಾನೊಗೆ ಸಂಗೀತ ಬರೆಯುತ್ತೇನೆ, ಇರೋದು ತೀರ್ಥಹಳ್ಳಿ ಹತ್ತಿರ ಅಂದರೆ ಜನ ಮೊದಲು ಕೇಳೋದು, "ಜೀವನಕ್ಕೆ ಏನು ಮಾಡ್ತೀರಿ?" ಅಂತ. ಅಡಿಕೆ ತೋಟ ಇದೆ. ಶಿವಮೊಗ್ಗಕ್ಕೆ ಹೋಗಿ ಮಕ್ಕಳಿಗೆ ಕೀಬೋರ್ಡ್ ಪಾಠ ಹೇಳುತ್ತೇನೆ. ಅಮೆರಿಕದ ಸಂಯೋಜಕ ಫಿಲಿಪ್ ಗ್ಲಾಸ್ ಕೂಡ ಹೀಗೇ ಬದುಕಿದವರು. 1976ರಲ್ಲಿ ಅವರ ಆಪೆರಾ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಹೌಸ್‌ನಲ್ಲಿ ನಡೆಯಿತು. ಅದಾದ ಮೇಲೂ ಅವರು ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸಿದರು. ನಲ್ಲಿ ರಿಪೇರಿ ಕೆಲಸವನ್ನೂ ಮಾಡಿದ್ದರು. ನನ್ನದೇ ವಾಸಿ ಅಲ್ವಾ? ಅಡಿಕೆ ಕೊಯ್ಲು ಮುಗಿದರೆ ಪುರುಸೊತ್ತು ಸಿಗುತ್ತದೆ.

ನಾನು ಕಲಿತದ್ದು ಕರ್ನಾಟಕ ಸಂಗೀತ. ಆದರೆ ಸ್ವರವನ್ನು ತೂಗಿ ಎಳೆಯುವ ಗಮಕ ಪಿಯಾನೊದಲ್ಲಿ ಬರೋದಿಲ್ಲ. ಸುತ್ತಿಗೆ ತಂತಿಗೆ ಬಡಿದ ಮೇಲೆ ಸ್ವರವನ್ನು ಎಳೆಯಲೂ ಆಗದು, ತೂಗಲೂ ಆಗದು. ಗಾಂಧಾರ (ಗ ಸ್ವರ) ಅಲ್ಲಾಡದ ತೋಡಿ ರಾಗ ತೋಡಿಯೇ ಅಲ್ಲ. ಹಾಗಾಗಿ ರಾಗದ ಆಸೆ ಬಿಟ್ಟು ಲಯಕ್ಕೆ ಬಂದೆ.

ಇದಕ್ಕೂ ದಾರಿ ತೋರಿಸಿದ್ದು ಗ್ಲಾಸ್. 1960ರ ದಶಕದಲ್ಲಿ ಅವರು ಪ್ಯಾರಿಸ್‌ನಲ್ಲಿ ನಾದಿಯಾ ಬೂಲಾಂಜೆ ಹತ್ತಿರ ಪಾಠ ಕಲಿಯುತ್ತಿದ್ದರು. ಆಗ ಪಂಡಿತ್ ರವಿಶಂಕರ್ ಅವರ ಸಿನಿಮಾ ಸಂಗೀತವನ್ನು ಪಾಶ್ಚಾತ್ಯ ವಾದ್ಯಗಾರರಿಗೆ ಬರೆದುಕೊಡುವ ಕೆಲಸ ಬಂತು. ಹೇಗೆ ಬರೆದರೂ ತಬಲಾದ ಅಲ್ಲಾ ರಖಾ ಒಪ್ಪಲಿಲ್ಲ, ಒತ್ತು ತಪ್ಪಾದ ಕಡೆ ಬೀಳುತ್ತಿತ್ತು. ಕೊನೆಗೆ ಗ್ಲಾಸ್ ತಾಳ ಬೇರ್ಪಡಿಸುವ ಗೆರೆಗಳನ್ನೇ ಅಳಿಸಿಹಾಕಿದರು. 1968ರ 'ಟೂ ಪೇಜಸ್' ನೋಡಿ. ನಮ್ಮ ಲೆಕ್ಕದಲ್ಲಿ ಮಂದ್ರದ ಪ, ಆಮೇಲೆ ಸ ರಿ ಗ ಮ. ಐದೇ ಸ್ವರ. ಅದಕ್ಕೆ ಸೇರಿಸುತ್ತಾ ಕಳೆಯುತ್ತಾ ಇಡೀ ಕೃತಿ ಬೆಳೆಯುತ್ತದೆ.

ನಾನು ಮಾಡೋದು ಹೀಗೆ. ಎಡಗೈಗೆ ತಕದಿಮಿ, ಅಂದರೆ ನಾಲ್ಕು ಮಾತ್ರೆ (ಎಣಿಕೆ). ಬಲಗೈಗೆ ತಕತಕಿಟ, ಐದು. ಬಲಗೈ ನಾಲ್ಕು ಸುತ್ತು ಹಾಕಿದರೆ 20ಕ್ಕೆ ಎರಡೂ ಒಟ್ಟಿಗೆ ಬಂದು ಕೂರುತ್ತವೆ. ಆಮೇಲೆ ಬಲಗೈಗೆ ಒಂದು ಸ್ವರ ಸೇರಿಸಿ ಆರು ಮಾಡುತ್ತೇನೆ. ಅದು 12ಕ್ಕೇ ಕೂಡಿಬಿಡುತ್ತದೆ, ಕಿವಿಗೆ ಚೂರು ಬೇಗ ಅನ್ನಿಸುತ್ತದೆ. ಏಳಕ್ಕೆ ಹೋದರೆ 28ರವರೆಗೆ ಕಾಯಬೇಕು. ಎಷ್ಟು ಸಲ ನುಡಿಸಬೇಕು ಅನ್ನೋದನ್ನು ಈ ಲೆಕ್ಕವೇ ಹೇಳುತ್ತದೆ. ಸುಮ್ನೆ ತೋಚಿದಷ್ಟು ಸಲ ನುಡಿಸಿದರೆ ಕೇಳುವವರಿಗೆ ಬೇಜಾರಾಗುತ್ತದೆ.

ಬರೆದದ್ದನ್ನು ಊರಿನ ಮೃದಂಗದ ಮೇಷ್ಟ್ರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಬೆರಳಲ್ಲಿ ಎಣಿಸಿದರು. "ಲೆಕ್ಕ ಸರಿ ಇದೆ ಮಾರಾಯಾ. ಆದ್ರೆ ಒಂದು ಕಾರ್ವೆ ಆದ್ರೂ ಬಿಡು, ಉಸಿರು ಕಟ್ತದೆ" ಅಂದರು. ಕಾರ್ವೆ ಅಂದರೆ ನಡುವೆ ಬಿಡುವ ಬಿಡುವು. ಏಳರ ಸುತ್ತು ಮುಗಿದ ಕಡೆ ಎರಡು ಮಾತ್ರೆ ಖಾಲಿ ಬಿಟ್ಟೆ. ಇಡೀ ಕೃತಿಯಲ್ಲಿ ನನಗೆ ಜಾಸ್ತಿ ಇಷ್ಟವಾಗೋದು ಈಗ ಆ ಜಾಗವೇ.

ಇನ್ನು ಮಳೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಪಿಯಾನೊ ಹಾಳಾಗೋಕೆ ಸಾಕು. ತಂತಿಗಳ ಹಿಂದಿನ ತೆಳು ಹಲಗೆ ಶೀತ ಹೀರಿ ಉಬ್ಬುತ್ತದೆ, ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ಮಧ್ಯದ ಸ್ಥಾಯಿ ಜಾಸ್ತಿ ಏರುತ್ತದೆ, ಕೆಳಗಿನ ದಪ್ಪ ತಂತಿಗಳು ಅಷ್ಟು ಏರುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಎರಡೂ ಕೈಗಳನ್ನು ಮಧ್ಯದಲ್ಲೇ, ಹತ್ತಿರ ಹತ್ತಿರ ಇಟ್ಟು ಬರೆಯುತ್ತೇನೆ. ಅಕ್ಕಪಕ್ಕದ ಸ್ವರಗಳು ಹೆಚ್ಚುಕಡಿಮೆ ಒಟ್ಟಿಗೇ ಏರುವುದರಿಂದ ಅಪಸ್ವರ ಅಷ್ಟಾಗಿ ಕಾಣುವುದಿಲ್ಲ. ಐದು ಸ್ವರದ ಈ ಪದ್ಧತಿ ನನಗೆ ಒಗ್ಗಿದ್ದಕ್ಕೆ ಇದೂ ಒಂದು ಕಾರಣ.

ಪಿಯಾನೊವನ್ನು ಹೊರಗೋಡೆಗೆ ತಾಗಿಸಿಲ್ಲ. ಕೆಳಗಡೆ ಒಳಗೆ ಸಣ್ಣ ಹೀಟರ್ ಕಡ್ಡಿ ಇದೆ, ಕರೆಂಟ್ ಇದ್ದಷ್ಟು ಹೊತ್ತು ಕೆಲಸ ಮಾಡುತ್ತದೆ. ಶ್ರುತಿ ಮಾಡುವವರನ್ನು ಬೆಂಗಳೂರಿನಿಂದ ಕರೆಸೋದು ದೀಪಾವಳಿ ಕಳೆದ ಮೇಲೆಯೇ. ಮಳೆ ನಡುವೆ ಮಾಡಿಸಿದರೆ ದುಡ್ಡು ದಂಡ.

ಈಗ ಬರೆಯುತ್ತಿರುವುದರಲ್ಲಿ ಎಡಗೈಗೆ ಮಿಶ್ರಛಾಪು, ಅಂದರೆ ಏಳರ ತಾಳ, ಬಲಗೈಗೆ ಐದು. ಕೂಡೋದು 35ಕ್ಕೆ. ಬಾಯಲ್ಲಿ ಹೇಳೋಕೆ ಬರುತ್ತದೆ, ಕೈ ಇನ್ನೂ 20ರ ಹತ್ತಿರ ದಾರಿ ತಪ್ಪುತ್ತದೆ.