ನಾಯಿ ಭಯ ಬಿಡಿಸಲು: ಮಿದುಳಿಗೆ ಹೊಸ ಪಾಠ ಕಲಿಸುವ ಬಗೆ

ಕಚ್ಚಿಸಿಕೊಂಡ ಗಾಯ ಮಾಗಿ ವರ್ಷವಾದರೂ ಬೊಗಳು ಕೇಳಿದೊಡನೆ ಕಾಲು ನಡುಗುತ್ತದೆ. ಕಣತಲೆಯ ಒಳಗೆ, ಎಡಕ್ಕೊಂದು ಬಲಕ್ಕೊಂದು ಇರುವ ಬಾದಾಮಿ ಗಾತ್ರದ ಅಮಿಗ್ಡಲ ಎಂಬ ಮಿದುಳಿನ ಭಾಗ, ನೀವು ಯೋಚಿಸುವ ಮೊದಲೇ ಹಾರ್ಮೋನು ಹರಿಸಲು ಆಜ್ಞೆ ಕೊಡುವ ಹೈಪೋಥಲಾಮಸ್‌ಗೆ ಸುದ್ದಿ ಮುಟ್ಟಿಸಿರುತ್ತದೆ. ಮೈಯನ್ನು ಓಟಕ್ಕೆ ಸಜ್ಜುಗೊಳಿಸುವ ಅಡ್ರಿನಲಿನ್ ಸೆಕೆಂಡುಗಳಲ್ಲಿ ಹರಿಯುತ್ತದೆ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರುವುದು ನಿಧಾನ, ತುದಿ ಮುಟ್ಟಲು 20–30 ನಿಮಿಷ ಬೇಕು. ಹಾಗಾಗಿ ನಾಯಿ ಹೋದ ಮೇಲೂ ಮೈ ತಣ್ಣಗಾಗುವುದಿಲ್ಲ. ‘ಧೈರ್ಯ ತಂದುಕೋ’ ಎಂಬ ಬುದ್ಧಿಮಾತು ಅಮಿಗ್ಡಲಕ್ಕೆ ತಾಗದು. ಅದಕ್ಕೆ ಅನುಭವವೇ ಬೇಕು.

ಭಯ ಹುಟ್ಟಿಸುವ 6–8 ಸನ್ನಿವೇಶ ಬರೆದು 0ಯಿಂದ 10ರವರೆಗೆ ಅಂಕ ಕೊಡಿ. 3–4 ಅಂಕದ್ದರಿಂದ ಶುರುಮಾಡಿ: ಲಸಿಕೆ ಹಾಕಿಸಿದ, ಕಟ್ಟಿಹಾಕಿದ ಸಾಕುನಾಯಿ, 20 ಮೀಟರ್ ದೂರ. ಹೋಗುವ ಮುನ್ನ ‘ಹಗ್ಗ ಹರಿದು ಮೈಮೇಲೆ ಬೀಳುತ್ತದೆ’ ಎಂಬಂಥ ನಿಮ್ಮ ಊಹೆಯನ್ನು ಬರೆದಿಡಿ. ಅದು ಸುಳ್ಳಾಗುವವರೆಗೆ, ಸುಮಾರು ಅರ್ಧ ಗಂಟೆ, ನಿಲ್ಲಿ. ಆಮೇಲೆ ಚೀಟಿ ತೆಗೆದು ಓದಿ. ಊಹೆಗೂ ನಡೆದದ್ದಕ್ಕೂ ಇರುವ ಈ ಅಂತರವೇ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ಗೆ ಅಮಿಗ್ಡಲವನ್ನು ಹಿಡಿದಿಡುವ ಪಾಠ. ವಾರಕ್ಕೆ ಮೂರ್ನಾಲ್ಕು ಸಲ ಮಾಡಿ. ಬೀದಿನಾಯಿಗಳ ಗುಂಪಿನ ಹತ್ತಿರ ಅಭ್ಯಾಸ ಬೇಡ, ಆ ಭಯ ನ್ಯಾಯವಾದದ್ದು.

ಕೆಡುವುದು ಹೆಚ್ಚಾಗಿ ಮೂರು ಕಡೆ. ಭಯ ತುದಿಯಲ್ಲಿದ್ದಾಗ ಓಡಿಬಂದರೆ ‘ಓಡಿದ್ದರಿಂದ ಉಳಿದೆ’ ಎಂದೇ ಮಿದುಳು ಕಲಿಯುತ್ತದೆ. ಕೈಯಲ್ಲಿ ಕೋಲು, ಪಕ್ಕದಲ್ಲಿ ಗೆಳೆಯನ ತೋಳು ಇದ್ದರೆ ಯಶಸ್ಸಿನ ಲೆಕ್ಕ ಅವುಗಳ ಖಾತೆಗೆ ಹೋಗುತ್ತದೆ. ಆತಂಕ ತಗ್ಗಿಸುವ ಬೆಂಜೊಡೈಅಜೆಪಿನ್ ಗುಂಪಿನ ಮಾತ್ರೆ ನುಂಗಿ ಹೋದರೂ ಕಲಿಕೆ ಮಸುಕಾಗಬಹುದು. ಆದರೆ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ.

ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ನೆನಪು ಕೂರುತ್ತದೆ ಅಷ್ಟೆ. ಮಾಯವಾದ ಪ್ರತಿಕ್ರಿಯೆ ಬಿಡುವಿನ ನಂತರ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೊವ್ ಗಮನಿಸಿದ್ದು ನಾಯಿಗಳಲ್ಲೇ! ಹೊಸ ನೆನಪನ್ನು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ, ಅದು ಕಲಿತ ಜಾಗಕ್ಕೆ ಕಟ್ಟಿಹಾಕುತ್ತದೆ. ಪಕ್ಕದ ಮನೆಯ ಟಾಮಿಯೊಂದಿಗೆ ಗೆದ್ದವರು ಊರ ಜಾತ್ರೆಯಲ್ಲಿ ಸೋಲುವುದು ಇದಕ್ಕೇ. ಬೇರೆ ಬೇರೆ ನಾಯಿ, ಬೀದಿ, ಹೊತ್ತು ಬದಲಿಸುತ್ತಿರಿ. ನಿದ್ದೆ ಕೆಡಿಸಿಕೊಳ್ಳಬೇಡಿ, ನೆನಪು ಗಟ್ಟಿಯಾಗುವುದು ಆಗಲೇ.

‘ನಾಳೆ ವಾಕಿಂಗ್‌ನಲ್ಲಿ ನಾಯಿ ಸಿಕ್ಕರೆ?’ ಎಂದು ರಾತ್ರಿ ಹೊರಳಾಡುವುದು ಬೇರೆ ಬಗೆ. ಇಂಥ ಅನಿಶ್ಚಿತ ಆತಂಕದಲ್ಲಿ ಅಮಿಗ್ಡಲದ ನೆರೆಯ ಬಿಎನ್‌ಎಸ್‌ಟಿ ಎಂಬ ಭಾಗಕ್ಕೂ ಪಾತ್ರವಿದೆ. ಇದಕ್ಕೆ ಮದ್ದು, ದಾರಿಯಲ್ಲಿ ನಾಯಿ ಇದೆಯೇ ಎಂದು ಯಾರನ್ನೂ ವಿಚಾರಿಸದೆ ಹೊರಡುವುದು.

ಆರು ವಾರವಾದರೂ ಅಂಕ ಇಳಿಯದಿದ್ದರೆ, ಮನೆಯಿಂದ ಹೊರಬರುವುದೇ ನಿಂತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು.